‘ಕೆಬಿ’ ಕಲಿಯದೆ ಮನೆ ಕೇಳಲು ಹೋಗಬೇಡಿ

ಸ್ಲೊವಾಕ್ ಭಾಷೆ ಕಲಿಸುವವರು ‘ಒಂದು ವೇಳೆ’ ಎಂಬರ್ಥದ ‘ಕೆಬಿ’ಯನ್ನು ಪಾಠದ ಕೊನೆಗೆ ತಳ್ಳುವುದು ಅನ್ಯಾಯ. ಆರು ವಿಭಕ್ತಿ, ಮೂರು ಲಿಂಗ ಮುಗಿಯುವ ತನಕ ಬದುಕು ಕಾಯುವುದಿಲ್ಲ.

ಕಬಿನಿ ದಡದ ನಮ್ಮ ಬೀಚನಹಳ್ಳಿಯವರಿಗೆ ‘ಕೆಬಿ’ಯ ವ್ಯಾಕರಣ ಅಷ್ಟು ಹೊಸದೂ ಅಲ್ಲ. ‘ವಯನಾಡಲ್ಲಿ ಮಳೆ ಹುಯ್ದರೆ ಕಬಿನಿ ತುಂಬುತ್ತೆ’ ಎಂದರೆ ಆಗಬಹುದಾದ ಮಾತು, ಅದಕ್ಕೆ ‘ಅಕ್’. ‘ಹುಯ್ದಿದ್ದರೆ ತುಂಬಿರೋದು’ ಎಂದರೆ ಹುಯ್ಯಲೂ ಇಲ್ಲ, ತುಂಬಲೂ ಇಲ್ಲ, ಅದಕ್ಕೆ ‘ಕೆಬಿ’. ‘ಕೆತ್ಯ್’ ಎಂಬ ಇನ್ನೊಂದಿದೆ. ಅದು ಬಹುಮಟ್ಟಿಗೆ ‘ಆದಾಗ’. ನನಗಿಂತ ಮೊದಲೇ ಸ್ಲೊವಾಕಿಯಾದ ನಿತ್ರಾ ಸೇರಿದ್ದ ದೊಡ್ಡಪ್ಪನ ಮಗ ‘ಕೆತ್ಯ್ ಒಂದಿದ್ದರೆ ಎಲ್ಲ ಕಡೆ ನಡೆಯುತ್ತೆ’ ಎಂದು ಹೇಳಿಕೊಟ್ಟಿದ್ದ.

2018ರಲ್ಲಿ ಜಾಗ್ವಾರ್ ಲ್ಯಾಂಡ್ ರೋವರ್ ಕಾರ್ಖಾನೆ ಶುರುವಾದ ಊರು ನಿತ್ರಾ. ನಾನು ಹೋದಾಗ ಬಾಡಿಗೆ ಮನೆ ಸಿಗುವುದು ಕಷ್ಟವಾಗಿತ್ತು. ಕೊನೆಗೊಂದು ಒಪ್ಪಿಗೆಯಾಯಿತು. ಕರಾರುಪತ್ರ ಮೇಜಿನ ಮೇಲಿತ್ತು. ಮಗಳು ಕಿಟಕಿ ಪಕ್ಕ ತನ್ನ ಮಂಚಕ್ಕೆ ಜಾಗ ಗೊತ್ತುಮಾಡಿಕೊಂಡಿದ್ದಳು. ಒಡತಿ ಪೆನ್ನು ಹಿಡಿದೇ ಕೇಳಿದರು: ಕೆಲಸ ಹೋದರೆ ಏನು ಮಾಡುತ್ತೀರಿ? ‘ಕೆತ್ಯ್ ಪ್ರೀದ್ಯೆಮ್ ಓ ಪ್ರಾತ್ಸು, ಪ್ವೊಯ್‌ದ್ಯೆಮ್ ದೊಮೌ’ ಎಂದೆ. ಅವರಿಗೆ ಕೇಳಿಸಿದ್ದು, ‘ಕೆಲಸ ಹೋದಾಗ ಊರಿಗೆ ಹೊರಡುತ್ತೇನೆ.’ ಹೋಗುವುದು ಖಾತ್ರಿ ಎಂಬಂತೆ. ಪೆನ್ನು ಕೆಳಗಿಟ್ಟರು. ಗಂಡನ ಮುಖ ನೋಡಿದರು. ಕಾಗದ ಮಡಚಿದರು. ನಾನು ಇಂಗ್ಲಿಷಿನಲ್ಲಿ ವಿವರಿಸಲು ಹೊರಟರೆ ತಲೆಯಾಡಿಸಿ ಬಾಗಿಲು ತೆರೆದರು. ಹೆಂಡತಿ ಏನಾಯಿತೆಂದು ಕೇಳುತ್ತಲೇ ಇದ್ದಳು. ಮೆಟ್ಟಿಲಿಳಿಯುವ ತನಕ ನನಗೂ ಹೊಳೆಯಲಿಲ್ಲ. ಹೊರಗೆ ಜನವರಿಯ ಹಿಮ. ವಿದೇಶಿಯ ಬಾಯಲ್ಲಿ ಒಂದು ಮಾತು ತಿರುಚಿದಂತೆ ಕಂಡರೆ ಇನ್ನೊಮ್ಮೆ ಕೇಳಬಾರದೆ? ಆ ಸಿಟ್ಟು ಇನ್ನೂ ಇಳಿದಿಲ್ಲ. ದೊಡ್ಡಪ್ಪನ ಮಗನ ಮೇಲಿನದಂತೂ ಇಳಿದೇ ಇಲ್ಲ.

ಹೇಳಬೇಕಾಗಿದ್ದದ್ದು: ‘ಕೆಬಿ ಸೊಮ್ ಪ್ರಿಶ್ಯೆಲ್ ಓ ಪ್ರಾತ್ಸು, ಹ್ಲ್ಯದಲ್ ಬಿ ಸೊಮ್ ಸಿ ಇನೂ.’ ಎಂದರೆ, ಕೆಲಸ ಹೋಗದು, ಒಂದು ವೇಳೆ ಹೋದರೂ ಬೇರೆ ಹುಡುಕುತ್ತಿದ್ದೆ. ‘ಕೆಬಿ’ಯೊಳಗೇ ‘ಬಿ’ ಇರುವುದರಿಂದ ಆ ಭಾಗದಲ್ಲಿ ಮತ್ತೆ ಬೇಡ. ಮುಂದಿನ ಭಾಗಕ್ಕೆ ಬೇಕೇ ಬೇಕು. ಎರಡೂ ಕಡೆ ಕ್ರಿಯಾಪದ ಭೂತರೂಪದಲ್ಲಿರುತ್ತದೆ. ನಮ್ಮ ‘ಹೋದರೆ’ ಕೂಡ ‘ಹೋದ’ದಿಂದಲೇ ಬಂದದ್ದಲ್ಲವೇ? ಆದರೆ ನಮ್ಮ ‘ರೆ’ಗೆ ಲಿಂಗವಿಲ್ಲ, ಅಲ್ಲಿದೆ. ಹೆಂಗಸರು ‘ಪ್ರಿಶ್ಲಾ’, ‘ಹ್ಲ್ಯದಲಾ’ ಎನ್ನಬೇಕು.

ಹುಣಸೂರು, ಎಚ್.ಡಿ. ಕೋಟೆ ಕಡೆಯಿಂದ ಸ್ಲೊವಾಕಿಯಾಗೆ ಹೊರಟವರು ಮೊದಲ ವಾರವೇ ಮೇಷ್ಟರನ್ನು ಹಿಡಿದು ‘ಕೆಬಿ’ ಹೇಳಿಸಿಕೊಳ್ಳಿ. ನೆಂಟರಿಂದ ಕಲಿಯಬೇಡಿ.