ದೇವರು ಅಂದ್ರೆ ಬರೀ ಎನರ್ಜಿನಾ?

ಕಳೆದ ಯೂತ್ ಮೀಟಿಂಗ್‌ನಲ್ಲಿ ಒಬ್ಬ ತಮ್ಮ ಕೇಳಿದ, "ಪಾಸ್ಟರ್, ದೇವರು ಅಂದ್ರೆ ಯೂನಿವರ್ಸ್‌ನಲ್ಲಿರೋ ಎನರ್ಜಿ ತಾನೇ?"

ಒಳ್ಳೇ ಪ್ರಶ್ನೆ. ಸೂರ್ಯನನ್ನೇ ನೋಡಿ. ಅಲ್ಲಿ ಪ್ರತಿ ಸೆಕೆಂಡಿಗೆ ಸುಮಾರು 40 ಲಕ್ಷ ಟನ್ ದ್ರವ್ಯ ಶಕ್ತಿಯಾಗಿ ಬದಲಾಗುತ್ತೆ. ಆ ಬೆಳಕು ಸುಮಾರು 8 ನಿಮಿಷದಲ್ಲಿ ನಮ್ಮನ್ನು ಮುಟ್ಟುತ್ತೆ. ಅಷ್ಟು ಶಕ್ತಿ! ಆದ್ರೆ ಸೂರ್ಯನಿಗೆ ನಿಮ್ಮ ಹೆಸರು ಗೊತ್ತಿಲ್ಲ. ಎನರ್ಜಿ ಯಾರನ್ನೂ ಪ್ರೀತಿಸಲ್ಲ, ಯಾರನ್ನೂ ಕ್ಷಮಿಸಲ್ಲ.

ಯೆಶಾಯ 40:26 ತೆಗೆಯಿರಿ. ನಕ್ಷತ್ರಗಳನ್ನು ಉಂಟುಮಾಡಿದಾತನು ಒಂದೊಂದನ್ನೂ ಹೆಸರಿನಿಂದ ಬಲ್ಲನು. 29ನೇ ವಚನಕ್ಕೆ ಬಂದರೆ, ಆತನೇ ದಣಿದವರಿಗೆ ಬಲ ಕೊಡುವವನು. ಶಕ್ತಿ ಆತನ ಕೈಕೆಲಸ, ಆತನೇ ಶಕ್ತಿಯಲ್ಲ.

ನಮ್ಮಪ್ಪ ಐಸಿಯುನಲ್ಲಿದ್ದ ಕೊನೇ ರಾತ್ರಿ, ಹೊರಗೆ ಬೆಂಚಿನ ಮೇಲೆ ಕೂತು ಪ್ರಾರ್ಥಿಸಿದೆ. ಅಪ್ಪ ಉಳಿಯಲಿಲ್ಲ. ಯಾಕೆ ಅಂತ ಇವತ್ತಿಗೂ ನನಗೆ ಗೊತ್ತಿಲ್ಲ. ಆದ್ರೆ ಆ ರಾತ್ರಿ "ತಂದೆಯೇ" ಅಂತ ಕರೆಯೋಕೆ ನನಗೆ ಒಬ್ಬಾತನಿದ್ದ. ಎನರ್ಜಿಯನ್ನು ಹಾಗೆ ಕರೆಯೋಕಾಗುತ್ತಾ?

ಈ ವಾರ ಯೂನಿವರ್ಸ್ ಹತ್ರ ಬೇಡೋದು ಬಿಡಿ. ಅದನ್ನು ಸೃಷ್ಟಿಸಿದಾತನ ಹತ್ರ ಮಾತಾಡಿ. ಆತನು ಕೇಳಿಸಿಕೊಳ್ತಾನೆ. ಆಮೆನ್.