ಬರೆದುಕೊಂಡು ಹೋದದ್ದು ಏನಾಯ್ತು?

ಮಗೂ,

ನಿನ್ನ ಪ್ರಶ್ನಾವಳಿ ಓದಿದೆ. 64 ಪ್ರಶ್ನೆಗಳು. ಮುಂದಿನ ತಿಂಗಳು ಬಿಳಿಗಿರಿರಂಗನ ಬೆಟ್ಟಕ್ಕೆ ಹೊರಟಿದ್ದೀಯ. ಸೋಲಿಗ ಬುಡಕಟ್ಟಿನ ಹಾಡಿಗಳಲ್ಲಿ, ಅವರ ಮಾತಿನಲ್ಲಿ ಪೋಡುಗಳಲ್ಲಿ, ಮನೆಮನೆಗೂ ಹೋಗಿ ಇಷ್ಟನ್ನೂ ತುಂಬಿಸಿಕೊಂಡು ಬರುತ್ತೇನೆ ಅಂದೆ. ಶ್ರದ್ಧೆಯಿಂದ ಮಾಡಿದ್ದೀಯ, ಗೊತ್ತಾಗುತ್ತದೆ. ಆದರೆ ಈ 64ರಲ್ಲಿ ಪೋಡಿನವರು ಕೇಳಿದ ಪ್ರಶ್ನೆ ಯಾವುದು ಎಂದು ಹುಡುಕಿದೆ. ಒಂದೂ ಸಿಗಲಿಲ್ಲ.

ನಿನ್ನ ವಯಸ್ಸಿನಲ್ಲಿ ನಾನೂ ಇಂಥದೇ ಕಟ್ಟು ಹಿಡಿದು ಅಲ್ಲಿಗೆ ಹೋಗಿದ್ದೆ. ಒಬ್ಬ ಅಜ್ಜಿ ಎರಡು ಗಂಟೆ ಕೂತು ಎಲ್ಲದಕ್ಕೂ ಉತ್ತರ ಕೊಟ್ಟರು. ಮೊರದಲ್ಲಿದ್ದ ರಾಗಿ ಹಾಗೇ ಇತ್ತು. ನಾನು ಪುಸ್ತಕ ಮುಚ್ಚಿದ ಮೇಲೆ ಅವರು ಕೇಳಿದ್ದು ಇಷ್ಟೇ: “ಹೋದ್ ವರ್ಸಾನೂ ಒಬ್ರು ಬಂದಿದ್ರು, ಇದ್ನೇ ಕೇಳುದ್ರು. ಬರ್ಕೊಂಡ್ ಹೋದ್ರಲ್ಲ, ಅದೇನಾಯ್ತು ಮಗ?” ನನ್ನ ಬಳಿ ಉತ್ತರವಿರಲಿಲ್ಲ. ನಾನು ಬರೆದುಕೊಂಡದ್ದೂ ಇಂಗ್ಲಿಷಿನ ಪ್ರಬಂಧವಾಗಿ, ರಟ್ಟು ಹಾಕಿಸಿಕೊಂಡು ಕಪಾಟು ಸೇರಿತು. ನಾಲ್ಕು ವರ್ಷ ಆ ಕಡೆ ತಲೆ ಹಾಕಲಿಲ್ಲ. ಕೊನೆಗೆ ಹೋದಾಗ ಅಜ್ಜಿ ಇರಲಿಲ್ಲ. ಆ ಸಾಲ ತೀರಿಸಲು ಇನ್ನು ದಾರಿಯೇ ಇಲ್ಲ. ಅದಕ್ಕೇ ನಿನಗೆ ಇಷ್ಟು ಬರೆಯುತ್ತಿದ್ದೇನೆ.

ನಮ್ಮ ಪ್ರಶ್ನೆ ಬೇರೆ, ಅವರ ಪ್ರಶ್ನೆ ಬೇರೆ ಎಂಬುದಕ್ಕೆ ಉಪ್ಪಿಲಿನ ಕಥೆಯೇ ಸಾಕು. ನೆಲ್ಲಿಮರದ ಕೊಂಬೆಗೆ ಹತ್ತಿಕೊಂಡು ಅದರ ರಸ ಹೀರುವ ಬದನಿಕೆಗೆ ಸೋಲಿಗರು ಹಾಗೆನ್ನುತ್ತಾರೆ. ಅವರ ಹಿರಿಯರು ಬೇಸಿಗೆ ಬಲಿಯುವ ಮೊದಲೇ ಕಾಡಿನ ನೆಲಕ್ಕೆ ತರಗು ಬೆಂಕಿ ಹಾಕುತ್ತಿದ್ದರು. ಒಣಗಿದ ಎಲೆಯಷ್ಟೇ ಸುಟ್ಟು, ಮೊಣಕಾಲೆತ್ತರಕ್ಕೆ ಹರಿದು ಹೋಗುವ ಬೆಂಕಿ. 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು, ಬೆಂಕಿ ಅಪರಾಧವಾಯಿತು. ಬೆಂಕಿ ನಿಂತದ್ದಕ್ಕೇ ಲಂಟಾನದ ಕಳೆ ಹಬ್ಬಿತು, ಉಪ್ಪಿಲು ಹೆಚ್ಚಿತು, ನೆಲ್ಲಿ ಸಾಯುತ್ತಿದೆ ಎಂದು ಅವರು ವರ್ಷಗಟ್ಟಲೆ ಹೇಳಿದರು. ಹೊರಗಿನವರ ಪ್ರಶ್ನೆ ಬೇರೆ ಇತ್ತು: ಸೋಲಿಗರು ಕಾಯಿ ಕೀಳುವುದರಿಂದ ಕಾಡಿಗೆಷ್ಟು ನಷ್ಟ? ಸೋಲಿಗರದ್ದು: ಮರವೇ ಹೋಗುತ್ತಿದೆಯಲ್ಲ, ಅದಕ್ಕೇನು ಮಾಡುತ್ತೀರಿ?

ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆಯವರು ಕಾಡಿನ 134 ತಾಕುಗಳನ್ನು 1997ರಲ್ಲಿ ನೋಡಿ, 2008ರಲ್ಲಿ ಮತ್ತೆ ಹೋಗಿ ನೋಡಿದಾಗ, ಲಂಟಾನವಿದ್ದ ತಾಕುಗಳು ಶೇಕಡ 41ರಿಂದ 81ಕ್ಕೆ ಏರಿದ್ದವು. ನೆಲ್ಲಿ ಕೀಳುವವರ ಜೊತೆಯಲ್ಲೇ ಕೂತು ಅವರ ತಿಳಿವಳಿಕೆಯನ್ನೂ ಸಂಶೋಧಕರ ಅಳತೆಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದ ಇನ್ನೊಂದು ಲೇಖನ 2010ರಲ್ಲಿ ಬಂತು. ಕೊಯ್ಲಿಗಿಂತ ಲಂಟಾನ, ಉಪ್ಪಿಲುಗಳೇ ನೆಲ್ಲಿಗೆ ದೊಡ್ಡ ಪೆಟ್ಟು ಎಂಬುದು ಮುಂದಿನ ಅಧ್ಯಯನಗಳಲ್ಲೂ ಕಂಡಿತು. ಆದರೆ ಬೆಂಕಿಯ ಮಾತನ್ನು ಕಾಡಿನಲ್ಲೇ ಪರೀಕ್ಷಿಸುವುದು ಕಷ್ಟ, ಬೆಂಕಿ ಹಾಕುವಂತೆಯೇ ಇಲ್ಲವಲ್ಲ. ಹಿರಿಯರು ಹೇಳಿದ್ದಕ್ಕೆಲ್ಲ ತಲೆದೂಗಿ ಬಾ ಎಂದು ನಾನು ಹೇಳುತ್ತಿಲ್ಲ. ಅನುಮಾನ ಬಂದರೆ ಅವರೆದುರಿಗೇ ಹೇಳು, ಜಗಳವಾಡು. ಕಾಡು ತಿಳಿದವರು ವಾದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ಎದುರಿಗೆ ಹೂಂಗುಟ್ಟಿ, ಊರಿಗೆ ಬಂದು ‘ಸ್ಥಳೀಯರ ನಂಬಿಕೆ’ ಎಂದು ಒಂದು ಸಾಲಿನಲ್ಲಿ ತಳ್ಳಿಹಾಕಿದರೆ ಅವರಿಗೆ ನೋವಾಗುತ್ತದೆ.

ಒಪ್ಪಿಗೆಯ ವಿಷಯದಲ್ಲಿ ಬಹಳ ಎಚ್ಚರವಿರಲಿ. 1987ರಲ್ಲಿ ಕೇರಳದ ಅಗಸ್ತ್ಯಮಲೆಯಲ್ಲಿ ಸಸ್ಯವಿಜ್ಞಾನಿಗಳ ತಂಡವೊಂದು ಏದುಸಿರು ಬಿಡುತ್ತ ಹತ್ತುತ್ತಿತ್ತು. ದಾರಿ ತೋರಿಸುತ್ತಿದ್ದ ಕಾಣಿ ಬುಡಕಟ್ಟಿನವರು ಒಂದು ಕಾಯಿ ಬಾಯಿಗೆ ಹಾಕಿಕೊಂಡು ದಣಿವಿಲ್ಲದೆ ನಡೆದಿದ್ದರು. ಮೊದಲು ಹಿಂಜರಿದವರು ಕೊನೆಗೆ ಗಿಡ ತೋರಿಸಿದರು: ಆರೋಗ್ಯಪಚ್ಚ. ಅದರಿಂದ ‘ಜೀವನಿ’ ಎಂಬ ಔಷಧಿಯಾಯಿತು, ತಯಾರಿಕೆಯ ಪರವಾನಗಿಗೆ 10 ಲಕ್ಷ ರೂಪಾಯಿ ಬಂತು, ಅರ್ಧ ಪಾಲು ಕಾಣಿಗಳಿಗೆಂದು ನಿಶ್ಚಯವಾಗಿ 1997ರಲ್ಲಿ ಅವರದೇ ಟ್ರಸ್ಟ್ ನೋಂದಣಿಯಾಯಿತು. ಜೀವವೈವಿಧ್ಯ ಕಾಯ್ದೆಯೇ ಇಲ್ಲದ ಕಾಲದಲ್ಲಿ ಅಷ್ಟು ಮಾಡಿದ್ದು ದೊಡ್ಡದೇ. ಆದರೂ ಬೇರೆ ಕಡೆಯ ಕಾಣಿ ವೈದ್ಯರು ನಮ್ಮನ್ನು ಯಾರು ಕೇಳಿದರು ಎಂದು ಆಕ್ಷೇಪಿಸಿದರು. ದಾರಿ ತೋರಿಸಿದ ಕೆಲವರು ಹೂಂ ಅಂದದ್ದು ಇಡೀ ಕುಲದ ಒಪ್ಪಿಗೆ ಹೇಗಾದೀತು? ನೀನು ತರುವ ಸಹಿಯ ಹಾಳೆಯೂ ಹಾಗೇ. ಮೊದಲು ಪೋಡಿನ ಸಭೆಯಲ್ಲಿ ಕೂತು ಏನು ಹುಡುಕುತ್ತಿದ್ದೀಯ, ದುಡ್ಡು ಯಾರದು, ಮುಗಿದ ಮೇಲೆ ಯಾರ ಕೈಗೆ ಹೋಗುತ್ತದೆ ಎಂದು ಹೇಳು. ‘ಬೇಡ’ ಅಂದರೆ ಗಂಟು ಕಟ್ಟಿ ಹಿಂದಿರುಗು. ನಿನ್ನ ಒಂದು ವರ್ಷ ಹಾಳಾದರೂ ಸರಿ.

ಜೊತೆಗೂಡಿ ಮಾಡಿದ ಕೆಲಸಕ್ಕೆ ಎಂಥ ಬಲ ಬರುತ್ತದೆ ಎಂಬುದಕ್ಕೂ ಬಿಳಿಗಿರಿರಂಗನ ಬೆಟ್ಟದಲ್ಲೇ ಸಾಕ್ಷಿಯಿದೆ. ಸೋಲಿಗರ ಒಂದೊಂದು ಕುಲಕ್ಕೂ ಕಾಡಿನಲ್ಲಿ ತನ್ನದೇ ಎಲ್ಲೆ ಇದೆ, ಅದರೊಳಗೆ ದೇವರು, ಮಾರಮ್ಮ, ವೀರು, ಅಬ್ಬಿ ಎಂಬ ಪವಿತ್ರ ತಾಣಗಳಿವೆ. ಸೋಲಿಗ ಹಿರಿಯರು ಮುಂದೆ ನಡೆದು ತೋರಿಸಿದರು, ಸಂಶೋಧಕರು ಜಿಪಿಎಸ್‌ನಲ್ಲಿ ಗುರುತು ಹಾಕುತ್ತ ಹಿಂದೆ ನಡೆದರು. ಹಾಗೆ ನಕ್ಷೆಯಾಯಿತು. 2011ರ ಜನವರಿಯಲ್ಲಿ ಬೆಟ್ಟ ಹುಲಿ ಮೀಸಲು ಅರಣ್ಯವೆಂದು ಘೋಷಣೆಯಾಯಿತು. ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆಯಡಿ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ಸಿಕ್ಕಿತು. ನಾವು ಇಲ್ಲಿಯವರು ಎಂದು ಜನ ಬಾಯಲ್ಲಿ ಹೇಳುತ್ತಿದ್ದದ್ದು ಆ ನಕ್ಷೆಯಿಂದಾಗಿ ಕಾಗದದ ಮೇಲೂ ಇತ್ತು. ಅಲ್ಲಿ ಕೆಲಸ ಮಾಡಿದವರಲ್ಲಿ ಡಾ. ಸಿ. ಮಾದೇಗೌಡರೂ ಒಬ್ಬರು. ಅವರೇ ಸೋಲಿಗರು, ಪಿಎಚ್‌.ಡಿ. ಮಾಡಿದವರು. ಹೋದ ಕೂಡಲೇ ಅಂಥವರು ಬರೆದದ್ದನ್ನು ಓದು, ಅವರಿಂದ ಕಲಿ.

ಉಳಿದವು ಸಣ್ಣ ಮಾತು. ಜೊತೆ ನಡೆಯುವವರಿಗೆ ದಿನಗೂಲಿ ಕೊಡು, ಊಟ ಹಾಕಿದೆ ಎಂದು ಕೂಲಿ ಕಳೆಯಬೇಡ. ಜೇನು ಕೀಳುವ, ನೆಲ್ಲಿ ಕೀಳುವ ದಿನಗಳಲ್ಲಿ ಸಭೆ ಕರೆಯಬೇಡ. ಗಿಡ ಗುರುತಿಸಿಕೊಟ್ಟವರ ಹೆಸರು, ಅವರು ಒಪ್ಪಿದರೆ, ಲೇಖಕರ ಸಾಲಿನಲ್ಲಿರಲಿ. ಕೃತಜ್ಞತೆಯ ಪುಟದ ಮೂಲೆಯಲ್ಲಿ ಹಾಕಿ ಮುಗಿಸಬೇಡ.

ಬರೆದದ್ದನ್ನು ಅಚ್ಚಿಗೆ ಕೊಡುವ ಮೊದಲು ಕನ್ನಡದಲ್ಲಿ ಜಗಲಿಯ ಮೇಲೆ ಕೂತು ಓದಿ ಹೇಳು. ಹೆಜ್ಜೇನು ಕಟ್ಟುವ ಮರ ಎಲ್ಲಿದೆ ಎಂದು ಬರೆದಿದ್ದರೆ ಯಾರಾದರೂ ಅದನ್ನು ತೆಗಿ ಅನ್ನಬಹುದು. ಆಗ ಅವರೆದುರಿಗೇ ಪೆನ್ನು ತೆಗೆದು ಆ ಸಾಲು ಹೊಡೆದುಹಾಕು.

ಆ 64 ಪ್ರಶ್ನೆಗಳನ್ನು ಸದ್ಯಕ್ಕೆ ಇಲ್ಲೇ ನನ್ನ ಮೇಜಿನ ಮೇಲೆ ಬಿಟ್ಟು ಹೋಗು. ಮೊದಲ ಸಲಕ್ಕೆ ಖಾಲಿ ಪುಸ್ತಕವೊಂದು ಸಾಕು. ಒಂದು ತಿಂಗಳು ಇದ್ದು, ಅವರು ಕೇಳಿದ್ದನ್ನು ಮಾತ್ರ ಬರೆದುಕೊಂಡು ಬಾ. ಆಮೇಲೆ ಇಬ್ಬರೂ ಕೂತು ಪ್ರಶ್ನಾವಳಿ ತಿದ್ದೋಣ.