ಒಂದೇ ದನಿಯ ಜಾಡು ಹಿಡಿದು: ಬಿಲಿ ಹಾಲಿಡೇ ಅವರನ್ನು ಕೇಳುವ ಬಗೆ

ಇಷ್ಟದ ಜಾಝ್ ಗಾಯಕಿಯ ಹೆಸರನ್ನು ಆ್ಯಪ್‌ನಲ್ಲಿ ಹುಡುಕಿ, ಸಿದ್ಧವಾಗಿರುವ ಪ್ಲೇಲಿಸ್ಟ್ ಹಾಕಿಕೊಳ್ಳುವುದು ಸುಲಭ. ಆದರೆ ಅದರಲ್ಲಿ ಬೇರೆ ಬೇರೆ ವರ್ಷಗಳ, ಬೇರೆ ಬೇರೆ ವಾದ್ಯಗಾರರ ಹಾಡುಗಳು ಕಲಸಿಹೋಗಿರುತ್ತವೆ. ಪ್ಲೇಲಿಸ್ಟ್ ದಾರಿ ತೋರಿಸುವ ಕೈಮರ. ಹಾಡುಗಾರ್ತಿ ನಿಜವಾಗಿ ಸಿಗುವುದು ಧ್ವನಿಮುದ್ರಣದ ಕಾಲ ಮತ್ತು ಜೊತೆಗಾರರನ್ನು ಅರಿತು ಕೇಳಿದಾಗ. ಬಿಲಿ ಹಾಲಿಡೇ (1915–1959) ಅವರ ಹಾಡುಗಳಲ್ಲಿ ಇದನ್ನು ಯಾರು ಬೇಕಾದರೂ ಪರೀಕ್ಷಿಸಿ ನೋಡಬಹುದು.

ಹಂತ 1: ಒಂದೇ ಹಾಡನ್ನು ಎರಡು ಕಾಲದಲ್ಲಿ ಕೇಳಿ

‘ಫೈನ್ ಆ್ಯಂಡ್ ಮೆಲೋ’ ಹಾಡಿನಿಂದ ಆರಂಭಿಸಿ. 1939ರಲ್ಲಿ ಕೊಮೊಡೋರ್ ಸಂಸ್ಥೆಗೆ ಅವರು ಅದನ್ನು ಹಾಡಿದಾಗ ವಯಸ್ಸು 24. ಮತ್ತೆ 1957ರ ಡಿಸೆಂಬರ್‌ನಲ್ಲಿ ಸಿಬಿಎಸ್ ಟಿವಿಯ ‘ದ ಸೌಂಡ್ ಆಫ್ ಜಾಝ್’ ಕಾರ್ಯಕ್ರಮದಲ್ಲಿ ಹಾಡಿದರು. ಎರಡನೆಯದನ್ನು ಕಣ್ಣಿಟ್ಟು ನೋಡಿ. ಹಳೆಯ ಗೆಳೆಯ ಲೆಸ್ಟರ್ ಯಂಗ್ ಸ್ಯಾಕ್ಸೊಫೋನ್‌ನಲ್ಲಿ ಕೆಲವೇ ಸ್ವರಗಳ ಪುಟ್ಟ ಸೋಲೊ ನುಡಿಸುತ್ತಾರೆ. ಬಿಲಿ, ಯಂಗ್ ಅವರನ್ನೇ ನೋಡುತ್ತ, ತಲೆದೂಗುತ್ತ ನಿಲ್ಲುತ್ತಾರೆ. ಹಾಡುವವರು ಸುಮ್ಮನಿರುವಾಗಲೂ ಸಂಗೀತದೊಳಗೇ ಇರುತ್ತಾರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಸಿಗದು.

ಹಂತ 2: ಜೊತೆಗಾರರ ಹೆಸರು ಓದಿ

ಮೂವತ್ತರ ದಶಕದ ಅವರ ಹಾಡುಗಳು ಈಗಿನ ಅರ್ಥದ ಆಲ್ಬಮ್‌ಗಳಲ್ಲ. ಮೂರು ನಿಮಿಷದ ಆಸುಪಾಸಿನ 78 ಆರ್‌ಪಿಎಂ ತಟ್ಟೆಗಳು. ಹಾಗಾಗಿ ಮುದ್ರಣದ ತಾರೀಖಿನ ಕ್ರಮದಲ್ಲಿ ಜೋಡಿಸಿದ ಸಂಕಲನವನ್ನೇ ಆರಿಸಿಕೊಳ್ಳಿ. ಪಿಯಾನೋ ವಾದಕ ಟೆಡ್ಡಿ ವಿಲ್ಸನ್ ಜೊತೆ 1935ರಿಂದ ಮಾಡಿದ ಮುದ್ರಣಗಳಲ್ಲಿ ಗಾಯನವೂ ಒಂದು ವಾದ್ಯದಂತೆ ತನ್ನ ಸರದಿಗೆ ಬಂದು ಹೋಗುತ್ತದೆ. 1937ರ ‘ಎ ಸೇಲ್‌ಬೋಟ್ ಇನ್ ದ ಮೂನ್‌ಲೈಟ್’ ಹಾಡನ್ನು ಎರಡು ಸಲ ಹಾಕಿ: ಮೊದಲ ಸಲ ದನಿಯನ್ನಷ್ಟೇ, ಎರಡನೇ ಸಲ ಅದರ ಬೆನ್ನಿಗೇ ಹೆಣೆದುಕೊಂಡು ಬರುವ ಲೆಸ್ಟರ್ ಯಂಗ್ ಅವರ ಸ್ಯಾಕ್ಸೊಫೋನನ್ನಷ್ಟೇ ಕೇಳಿ. ಬಿಲಿ ಲಯಕ್ಕಿಂತ ತುಸು ತಡೆದು ಪದವನ್ನು ಇಳಿಸುವ ರೀತಿ ಆಗ ಎದ್ದು ಕಾಣುತ್ತದೆ.

ಹಂತ 3: ಒಂದು ಆಲ್ಬಮನ್ನು ಪೂರ್ತಿ ಕೇಳಿ

1958ರ ‘ಲೇಡಿ ಇನ್ ಸ್ಯಾಟಿನ್’ ಒಂದೇ ಸಲಕ್ಕೆ ಕೂತು ಕೇಳುವಂಥದ್ದು. ಇಲ್ಲಿ ದನಿ ಒಡೆದಿದೆ, ಕೇಳುವುದೇ ಕಷ್ಟ ಎಂಬ ಆಕ್ಷೇಪವಿದೆ. ದನಿ ಸವೆದಿರುವುದು ನಿಜ. ವಾದ್ಯಸಂಯೋಜನೆ ಮಾಡಿದ ರೇ ಎಲ್ಲಿಸ್ ಅವರಿಗೂ ಮುದ್ರಣದ ಹೊತ್ತಿನಲ್ಲಿ ಗಾಯನ ಸಮಾಧಾನ ತಂದಿರಲಿಲ್ಲ. ಬಳಿಕ ಸಿದ್ಧಗೊಂಡ ಮುದ್ರಣ ಕೇಳಿದಾಗ ಅಭಿಪ್ರಾಯ ಬದಲಾಯಿತು. ಮೆತ್ತನೆಯ ತಂತಿವಾದ್ಯಗಳ ನಡುವೆ ಒರಟಾದ ಆ ದನಿ ಪ್ರತಿ ಪದವನ್ನೂ ತೂಗಿ ಇಡುತ್ತದೆ. ಬಿಡಿ ಹಾಡಾಗಿ ಕೇಳಿದರೆ ಕೊರತೆಯೆನಿಸುವುದು ಪೂರ್ತಿ ಆಲ್ಬಮಿನಲ್ಲಿ ಅರ್ಥವಾಗಿ ಮಾರ್ಪಡುತ್ತದೆ.

ಹಂತ 4: ಸಂಗೀತಗಾರರ ಶಿಫಾರಸನ್ನು ಹಿಂಬಾಲಿಸಿ

ಹಾಗಾದರೆ ಪ್ಲೇಲಿಸ್ಟ್ ಬೇಡವೇ? ಖಂಡಿತ ಬೇಕು, ಅದರಲ್ಲೂ ಸಂಗೀತಗಾರರೇ ಆರಿಸಿದ್ದು. ಏನನ್ನು ಗಮನಿಸಬೇಕೆಂದು ಅವರ ಆಯ್ಕೆ ಕಲಿಸುತ್ತದೆ. ಬಿಲಿ ತಮ್ಮ ಮೇಲೆ ಪ್ರಭಾವ ಬೀರಿದವರೆಂದು ಲೂಯಿ ಆರ್ಮ್‌ಸ್ಟ್ರಾಂಗ್ ಮತ್ತು ಬೆಸ್ಸಿ ಸ್ಮಿತ್ ಅವರನ್ನು ಹೆಸರಿಸಿದ್ದರು. ಆರ್ಮ್‌ಸ್ಟ್ರಾಂಗ್ ಅವರ ‘ವೆಸ್ಟ್ ಎಂಡ್ ಬ್ಲೂಸ್’ (1928) ಕೇಳಿದರೆ, ಪದಗಳೇ ಇಲ್ಲದೆ ಹಾಡುವ ಆ ಕಂಠ ಬಿಲಿ ಅವರನ್ನೇಕೆ ಸೆಳೆಯಿತೆಂದು ತಿಳಿಯುತ್ತದೆ. ಬಿಲಿ ಅವರ ಓರಗೆಯ ಗಾಯಕ ಫ್ರ್ಯಾಂಕ್ ಸಿನಾತ್ರಾ ತಮ್ಮ ಮೇಲಿನ ಅತಿ ದೊಡ್ಡ ಪ್ರಭಾವ ಬಿಲಿ ಎಂದರು. ಹಿಂದಕ್ಕೊಂದು, ಮುಂದಕ್ಕೊಂದು ಹಾಡು ಸೇರಿಸಿ ನಿಮ್ಮದೇ ಪಟ್ಟಿ ಮಾಡಿ. ಪ್ರತಿ ಹಾಡಿನ ಎದುರು ವರ್ಷ, ವಾದ್ಯಗಾರರ ಹೆಸರು ಬರೆಯಿರಿ.

ಇಷ್ಟಕ್ಕೆಲ್ಲ ಪುರುಸೊತ್ತೆಲ್ಲಿ ಎನ್ನುವವರು ವಾರಕ್ಕೊಂದು ಹಂತ ಇಟ್ಟುಕೊಂಡರೆ ತಿಂಗಳಲ್ಲಿ ಮುಗಿಯುತ್ತದೆ. ಇಂಗ್ಲಿಷ್ ಸಾಹಿತ್ಯ ಅರ್ಥವಾಗದು ಎಂಬ ಅಳುಕೂ ಬೇಡ. ತೆಲುಗು ಬಾರದ ಎಷ್ಟೋ ಕನ್ನಡಿಗರು ತ್ಯಾಗರಾಜರ ಕೃತಿಗಳಿಗೆ ಮನಸೋತಿದ್ದಾರೆ. ಅರ್ಥವನ್ನೊಮ್ಮೆ ಓದಿಕೊಂಡವರಿಗೆ ಅದೇ ಕೃತಿ ಇನ್ನಷ್ಟು ಒಲಿದಿದೆ. ಇಲ್ಲಿಯೂ ಹಾಗೆಯೇ. ನಾಲ್ಕು ವಾರಗಳ ನಂತರ ‘ಫೈನ್ ಆ್ಯಂಡ್ ಮೆಲೋ’ಗೆ ಮರಳಿ ಬನ್ನಿ. ಬಿಲಿ ತಲೆದೂಗಿದ ಆ ಪುಟ್ಟ ಸೋಲೊದಲ್ಲಿ 1937ರ ದೋಣಿಹಾಡಿನ ಜೊತೆಗಾರನನ್ನು ನೀವೂ ಗುರುತಿಸುತ್ತೀರಿ.